ಶಿವನಸಮುದ್ರದ ತಾಮ್ರ: ಪಟ್ಟಿಯಿಂದ ತಂತಿಗೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರ ಜೂನ್ 30ರಂದು. ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ಮುಂದಾಳತ್ವ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರ ಯೋಜನೆ, 92 ಮೈಲಿಗಳ ಮಾರ್ಗ: ಇವುಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ಸುಮಾರು 35,000 ವೋಲ್ಟ್ ಏಕೆ ಬೇಕಾಯಿತು ಎಂಬಲ್ಲಿ. ದೂರವೇ ಕಾರಣವೆಂದು ಹೇಳಿ ಸುಮ್ಮನಾಗುವುದು ರೂಢಿ. ಆ ಉತ್ತರ ಅರ್ಧ ಮಾತ್ರ. ದೂರ ಹೆಚ್ಚಿನ ಒತ್ತಡವನ್ನು (ವೋಲ್ಟೇಜನ್ನು) ಬೇಡಿದ್ದು ತಾಮ್ರದ ತೂಕದ ಮೂಲಕ.

ಗಣಿಗಳಿಗೆ ಮೊದಲು ಬೇಕಿದ್ದ 4,000 ಅಶ್ವಶಕ್ತಿ ಎಂದರೆ ಸುಮಾರು 3,000 ಕಿಲೋವ್ಯಾಟ್. ಜನರೇಟರಿನ 2,200 ವೋಲ್ಟಿನಲ್ಲೇ ಇದನ್ನು ಸಾಗಿಸಿದ್ದರೆ, ಮೂರು ಫೇಸುಗಳ ಪ್ರತಿ ತಂತಿಯಲ್ಲೂ ಸುಮಾರು 790 ಆಂಪಿಯರ್ ಹರಿಯುತ್ತಿತ್ತು; 35,000 ವೋಲ್ಟಿನಲ್ಲಿ 50 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಕಳೆಯುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣ. ಆದ್ದರಿಂದ ನಷ್ಟ ಅಷ್ಟೇ ಇರಬೇಕೆಂದರೆ ಕಡಿಮೆ ಒತ್ತಡದ ಮಾರ್ಗಕ್ಕೆ ಸುಮಾರು 250 ಪಟ್ಟು ತಾಮ್ರ ಬೇಕು. ದೂರ ಇಮ್ಮಡಿಯಾದರೆ ತಾಮ್ರ ನಾಲ್ಮಡಿಯಾಗುತ್ತದೆ.

ಲೋಹದ ರೂಪವನ್ನೂ ಇದೇ ಲೆಕ್ಕ ತೀರ್ಮಾನಿಸುತ್ತದೆ. ವಿದ್ಯುದಾಗಾರದೊಳಗೆ ಒತ್ತಡ ಕಡಿಮೆ, ಪ್ರವಾಹ ಹೆಚ್ಚು. ಅಲ್ಲಿಗೆ ಒಗ್ಗುವುದು ಚಪ್ಪಟೆ ಪಟ್ಟಿಯ ಬಸ್‌ಬಾರ್. ಅಷ್ಟೇ ತೂಕದ ದುಂಡು ಸರಳಿಗಿಂತ ಅದರ ಮೈ ಹೆಚ್ಚು, ಹಾಗಾಗಿ ಶಾಖ ಬೇಗ ಬಿಡುತ್ತದೆ. ಕಾದಾಗ ಹಿಗ್ಗುವ ಪಟ್ಟಿಗಳ ನಡುವೆ ತೆಳು ತಗಡುಗಳನ್ನು ಅಟ್ಟಿಯಾಗಿ ಜೋಡಿಸಿ ಬಾಗುವ ಕೊಂಡಿ ಮಾಡುವುದುಂಟು. ಕಂಬದಿಂದ ಕಂಬಕ್ಕೆ ಜೋತುಬೀಳುವ ತಂತಿಯ ಪಾಡು ಬೇರೆ: ಸರಳನ್ನು ಅಚ್ಚಿನ ಕಣ್ಣಿನಲ್ಲಿ ಎಳೆದು ಗಡುಸಾಗಿಸಿದ ತಾಮ್ರವೇ ಆಗಬೇಕು. ಹಾಗೆ ಎಳೆದಾಗ ವಾಹಕತ್ವ ಶೇ. 2-3ರಷ್ಟು ಕುಗ್ಗಿದರೂ ಬಲ ಸುಮಾರು ಇಮ್ಮಡಿಯಾಗುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಮೇಲಿನ ಅಂಕಿಗಳು ಪವರ್ ಫ್ಯಾಕ್ಟರ್ ಒಂದೆಂದು ಹಿಡಿದವು. ವಾಸ್ತವದಲ್ಲಿ ಪ್ರವಾಹ ಇನ್ನೂ ಹೆಚ್ಚಿರಬೇಕು. ತಾಮ್ರದ ಉಳಿತಾಯವು ಒತ್ತಡವನ್ನು ಏಕೆ ಏರಿಸಬೇಕಾಯಿತೆಂಬುದನ್ನಷ್ಟೇ ವಿವರಿಸುತ್ತದೆ. 35,000ಕ್ಕೇ ಏಕೆ ನಿಂತರೆಂಬುದಕ್ಕೆ ಅಂದಿನ ಪಿಂಗಾಣಿ ಇನ್ಸುಲೇಟರುಗಳ ತಾಳಿಕೆ, ಟ್ರಾನ್ಸ್‌ಫಾರ್ಮರುಗಳ ಬೆಲೆ ಎರಡನ್ನೂ ಸೇರಿಸಿ ನೋಡಬೇಕು. ಈ ಇಡೀ ವಾದ ಭೌತನಿಯಮದಿಂದ ಮಾಡಿದ ಊಹೆಯೇ ಹೊರತು ಎಂಜಿನಿಯರುಗಳ ಬಾಯಿಮಾತಲ್ಲ.

ಮದ್ದೂರನ್ನು ಹಾದು ಬರುವ ಶಿಂಷಾ ನದಿಯ ಮೇಲೆ 1940ರಲ್ಲಿ ಎದ್ದ ಕೇಂದ್ರಕ್ಕೆ ಈ ಲೆಕ್ಕ ಹಾಗೇ ಹೊಂದಬೇಕಿಲ್ಲ. ಆ ಹೊತ್ತಿಗೆ ಶಿವನಸಮುದ್ರದ ಮಾರ್ಗಗಳು ಹಬ್ಬಿದ್ದವು. ಹೊಸ ಕೇಂದ್ರದ ಒತ್ತಡವನ್ನು ತಾಮ್ರದ ಬೆಲೆ ಗೊತ್ತುಮಾಡಿತೋ, ಮೊದಲೇ ಇದ್ದ ಜಾಲ ಗೊತ್ತುಮಾಡಿತೋ ಎಂಬ ಪ್ರಶ್ನೆ ಬೇರೆಯೇ ಅಧ್ಯಯನವನ್ನು ಬೇಡುತ್ತದೆ.