ಚೀಟಿ ಹರಿಯಬಹುದು, ಮನೆ ಮುಟ್ಟುವುದು ಕಷ್ಟ

ದಾವಣಗೆರೆಯಿಂದ ದೊಡ್ಡಮ್ಮನ ಫೋನು. ‘ಕ್ಯಾನ್ಸರ್ ಜೀನಿನ ಬಾಯಿ ಮುಚ್ಚಿಸೋ ಮದ್ದು ಬಂದೈತಂತಲ್ಲವ್ವಾ, ನಿಮ್ಮ ಹೈದರಾಬಾದಿನಾಗೆ ಸಿಗುತ್ತಾ? ಅದು ಸಿಕ್ಕರೆ ಕೀಮೋ ಬ್ಯಾಡ ಅಂತಾರೆ ನಿಮ್ಮ ದೊಡ್ಡಪ್ಪ.’ ಮಾದಾಪುರದ ಬಾಡಿಗೆ ಮನೆಯಲ್ಲಿ ಅನುವಾದ ಮಾಡಿಕೊಂಡಿರುವ ನಾನು ಒಂದು ದಿನದ ಸಮಯ ಕೇಳಿದೆ.

ಜೀನಿನ ಮಾತನ್ನು ಬರೆದುಕೊಂಡ ಆರ್‌ಎನ್‌ಎ ಒಂದು ಚೀಟಿಯಿದ್ದಂತೆ. ಅದನ್ನು ಓದಿ ಕೋಶ ಪ್ರೋಟೀನು ತಯಾರಿಸುತ್ತದೆ. ಜೀವವಿಜ್ಞಾನಿಗಳೂ ಇದನ್ನು ಅನುವಾದ ಎಂದೇ ಕರೆಯುತ್ತಾರೆ. ಅನುವಾದವಾಗುವ ಮೊದಲೇ ಚೀಟಿ ಹರಿದುಹಾಕಿದರೆ ಜೀನು ಇದ್ದೂ ಇಲ್ಲದಂತೆ.

ಇದರ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ಹೂವಿನಲ್ಲಿ. ಪೆಟೂನಿಯಾದ ಬಣ್ಣ ಗಾಢವಾಗಲೆಂದು ಅಮೆರಿಕದ ವಿಜ್ಞಾನಿಗಳು ಬಣ್ಣದ ಜೀನನ್ನು ಇನ್ನೊಂದು ಪ್ರತಿ ಸೇರಿಸಿದರು. ಹಲವು ಹೂಗಳು ಬಿಳುಚಿದವು. 1990ರಲ್ಲಿ ಇದು ಪ್ರಕಟವಾಯಿತು. ಎರಡೆಳೆಯ ಆರ್‌ಎನ್‌ಎ ಇದನ್ನು ಮಾಡಬಲ್ಲದೆಂದು 1998ರಲ್ಲಿ ಸಣ್ಣ ಹುಳುವೊಂದರಲ್ಲಿ ತೋರಿಸಿದ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ಸುಮಾರು 21 ಅಕ್ಷರದ ತುಂಡು ಮನುಷ್ಯರ ಕೋಶದಲ್ಲೂ ಇದೇ ಕೆಲಸ ಮಾಡುತ್ತದೆಂದು 2001ರಲ್ಲಿ ಜರ್ಮನಿಯ ಥಾಮಸ್ ಟುಶ್ಲ್ ತಂಡ ತೋರಿಸಿತು.

ನಮ್ಮ ಕೋಶಗಳಲ್ಲೇ ಇರುವ ಸಣ್ಣ ಆರ್‌ಎನ್‌ಎಗಳು ಕ್ಯಾನ್ಸರಿನಲ್ಲಿ ಏರುಪೇರಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸಿನ ವಾಣಿ ಸಂತೋಷ್ ಮತ್ತು ಸಂಗಡಿಗರು 2010ರಲ್ಲಿ ಮಿದುಳಿನ ಗಡ್ಡೆಗಳಲ್ಲಿ ಅಂಥವನ್ನು ಗುರುತಿಸಿದರು. ಅದೇ ವರ್ಷ ಅಮೆರಿಕದ ಮಾರ್ಕ್ ಡೇವಿಸ್ ತಂಡ, ರಕ್ತನಾಳಕ್ಕೆ ಕೊಟ್ಟ ತುಂಡುಗಳು ಚರ್ಮದ ಕ್ಯಾನ್ಸರ್ ಗಡ್ಡೆ ತಲುಪಿ ಚೀಟಿ ಕತ್ತರಿಸಿದ್ದಕ್ಕೆ ಪುರಾವೆ ಕೊಟ್ಟಿತು.

ಆಮೇಲಿನ ದಾರಿ ನಿಧಾನ. ಬರಿಯ ಆರ್‌ಎನ್‌ಎ ರಕ್ತದಲ್ಲಿ ಬೇಗ ಚೂರಾಗುತ್ತದೆ. ಕೊಬ್ಬಿನ ಗುಳ್ಳೆಯೊಳಗಿಟ್ಟು ಕಳಿಸಿದರೆ ಹೆಚ್ಚಿನದು ಯಕೃತ್ತಿಗೇ ಹೋಗಿ ಸೇರುತ್ತದೆ. 2018ರಲ್ಲಿ ಒಪ್ಪಿಗೆ ಪಡೆದ ಈ ಬಗೆಯ ಮೊದಲ ಔಷಧ ಪ್ಯಾಟಿಸಿರಾನ್ ಯಕೃತ್ತಿನಲ್ಲೇ ಕೆಲಸ ಮಾಡುವಂಥದ್ದು. ಅದು ವಂಶಪಾರಂಪರ್ಯದ ನರರೋಗವೊಂದಕ್ಕೆ. ಕ್ಯಾನ್ಸರಿಗೆಂದು ಸಣ್ಣ ಆರ್‌ಎನ್‌ಎಯೊಂದರ ನಕಲು ಕೊಟ್ಟ ಪ್ರಯೋಗವನ್ನು 2016ರಲ್ಲಿ ರೋಗಿಗಳ ಮೈ ತೀವ್ರವಾಗಿ ಪ್ರತಿರೋಧಿಸಿದ್ದರಿಂದ ನಿಲ್ಲಿಸಬೇಕಾಯಿತು. ಬೇರೆ ಪ್ರಯೋಗಗಳು ನಡೆದಿವೆ.

ಮರುದಿನ ಹೇಳಿದೆ: ‘ದೊಡ್ಡಮ್ಮಾ, ಚೀಟಿ ಹರಿಯೋದು ಕಲಿತಿದಾರೆ. ಗಡ್ಡೆಯ ಮನೆಗೆ ಹೋಗೋ ದಾರಿ ಇನ್ನೂ ಹುಡುಕ್ತಿದಾರೆ. ದೊಡ್ಡಪ್ಪನಿಗೆ ಕೀಮೋ ಬಿಡಿಸಬೇಡಿ.’

ಸ್ವಲ್ಪ ಹೊತ್ತು ಮಾತಿಲ್ಲ. ‘ಆತು ಬಿಡು, ಸೋಮವಾರ ಕರ್ಕೊಂಡು ಹೋಗ್ತೀನಿ.’