ಪವರ್ ಆಂಪ್ಲಿಫೈಯರ್: ಸ್ಟೀರಿಯೊ ಮತ್ತು ಮೊನೊ

ದುರ್ಬಲ ಧ್ವನಿಸಂಕೇತವನ್ನು ಸ್ಪೀಕರ್ ನಡೆಸುವಷ್ಟು ಬಲಪಡಿಸುವ ಸಾಧನವೇ ಪವರ್ ಆಂಪ್ಲಿಫೈಯರ್. ಎಡ ಮತ್ತು ಬಲ ಚಾನೆಲ್‌ಗಳೆರಡೂ ಒಂದೇ ಪೆಟ್ಟಿಗೆಯಲ್ಲಿದ್ದು ಸಾಮಾನ್ಯವಾಗಿ ಒಂದೇ ಟ್ರಾನ್ಸ್‌ಫಾರ್ಮರನ್ನು ಹಂಚಿಕೊಂಡರೆ ಅದು ಸ್ಟೀರಿಯೊ. ಪ್ರತಿ ಚಾನೆಲ್‌ಗೂ ಪ್ರತ್ಯೇಕ ಪೆಟ್ಟಿಗೆ ಮತ್ತು ವಿದ್ಯುತ್ ಪೂರೈಕೆ ಇದ್ದರೆ ಮೊನೊ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ಯಕ್ಷಗಾನ ಬಯಲಾಟ, ಕಂಬಳಗಳ ಧ್ವನಿವರ್ಧಕಗಳಲ್ಲಿಯೂ ಮೊನೊ ರೂಢಿಯಲ್ಲಿದೆಯಾದರೂ ಅದರ ಅರ್ಥ ಬೇರೆ: ಬಯಲಿನಲ್ಲಿ ಚದುರಿ ಕುಳಿತವರೆಲ್ಲರಿಗೂ ಒಂದೇ ಸದ್ದು ತಲುಪಬೇಕಾದುದರಿಂದ ಅಲ್ಲಿ ಒಂದೇ ಸಂಕೇತವನ್ನು ಎಲ್ಲ ಸ್ಪೀಕರ್‌ಗಳಿಗೂ ಹಂಚಲಾಗುತ್ತದೆ. ಮನೆಯ ಮೊನೊ ಜೋಡಿ ಮಾತ್ರ ಎಡಬಲಗಳನ್ನು ಇನ್ನಷ್ಟು ಬೇರ್ಪಡಿಸುತ್ತದೆ. ಒಂದರ ಸದ್ದು ಇನ್ನೊಂದಕ್ಕೆ ಸೋರುವುದು ಕಡಿಮೆಯಾಗುವುದಲ್ಲದೆ, ಪೆಟ್ಟಿಗೆಯನ್ನು ಸ್ಪೀಕರ್ ಪಕ್ಕದಲ್ಲೇ ಇಟ್ಟು ಸ್ಪೀಕರ್ ತಂತಿಯನ್ನು ಚಿಕ್ಕದಾಗಿಸಬಹುದು.

ಆದರೂ ಸಾಧಾರಣ ಕೋಣೆಗೆ ಒಳ್ಳೆಯ ಸ್ಟೀರಿಯೊ ಸಾಕು. ಶಕ್ತಿ 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಇಮ್ಮಡಿಸಿದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಅಲ್ಪ ವ್ಯತ್ಯಾಸ. ಭಾಗವತರ ಪದ ಕೇಳುವಾಗ ಸರಾಸರಿ ಬೇಡಿಕೆ ಕೆಲವೇ ವ್ಯಾಟ್‌ಗಳಷ್ಟಿದ್ದು, ಚೆಂಡೆಯ ಹೊಡೆತಕ್ಕೆ ಮಾತ್ರ ಕ್ಷಣಕಾಲ ಹಲವು ಪಟ್ಟು ಏರುವುದರಿಂದ ಮೀಸಲು ಶಕ್ತಿ ಬೇಕಾಗುತ್ತದೆ. ಕಡಿಮೆ ಸಂವೇದನೆಯ, 4 ಓಮ್ ರೋಧದ ಸ್ಪೀಕರ್‌ಗಳು ಅಥವಾ ದೊಡ್ಡ ಚಾವಡಿ ಇದ್ದಲ್ಲಿ ಮೊನೊ ಜೋಡಿಗೆ ಸಮರ್ಥನೆಯಿದೆ.

ಸ್ಟೀರಿಯೊದ ಎರಡೂ ಚಾನೆಲ್‌ಗಳನ್ನು ಬ್ರಿಡ್ಜ್ ಜೋಡಣೆಯಲ್ಲಿ ಒಂದಾಗಿಸಿ ಮೊನೊ ಆಗಿಸಿದಾಗ, 8 ಓಮ್‌ನ ಸ್ಪೀಕರ್ ಪ್ರತಿ ಚಾನೆಲ್‌ಗೂ 4 ಓಮ್‌ನಂತೆ ತೋರುವುದರಿಂದ, ತಯಾರಕರು ಅನುಮತಿಸದ ಉಪಕರಣದಲ್ಲಿ ಈ ಪ್ರಯೋಗ ತರವಲ್ಲ. ಮಳೆಗಾಲಕ್ಕೆ ಮುನ್ನ ಸಿಡಿಲು ಬಡಿಯುವ ಈ ಸೀಮೆಯಲ್ಲಿ, ಗುಡುಗು ಕೇಳಿಸುವ ಮೊದಲೇ ಕಳಚಬೇಕಾದ ಪ್ಲಗ್‌ಗಳೂ ಮೊನೊ ಜೋಡಿಯಲ್ಲಿ ಎರಡು.