ಚಿಗಟವೂ ಗೃಹಶುದ್ಧಿಯೂ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿರುವ ದೇವರಾಯಸಮುದ್ರದ ಹೆಸರನ್ನು ಕೇಳಿದೊಡನೆಯೇ ಕೆರೆಯ ನೆನಪಾಗುವುದು. ಹಿರಿಯ ಕೆರೆಗಳನ್ನು ಸಮುದ್ರವೆನ್ನುವುದು ಈ ನಾಡಿನ ರೂಢಿ. ಆ ಗ್ರಾಮವನ್ನೊಳಗೊಂಡ ಮುಳಬಾಗಿಲು ಸೀಮೆಗೆ ವೈದ್ಯಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. 1966ರಲ್ಲಿ ಇಲ್ಲಿ ಮನುಷ್ಯರಲ್ಲಿ ಪ್ಲೇಗು ಕಂಡುಬಂದ ಬಳಿಕ, 1994ರವರೆಗೆ ಭಾರತದಲ್ಲೆಲ್ಲಿಯೂ ಆ ರೋಗವು ಪ್ರಯೋಗಶಾಲೆಯಲ್ಲಿ ದೃಢಪಡಲಿಲ್ಲ. ಆ ರೋಗಕ್ಕೂ ಮನೆಯ ನೆಲದ ಬಿರುಕುಗಳಲ್ಲಿ ಹುದುಗುವ ಚಿಗಟಕ್ಕೂ ಇರುವ ಸಂಬಂಧವು ಹೇಗೆ ತಿಳಿಯಬಂದಿತು, ಅದರಿಂದ ಗೃಹಶುದ್ಧಿಯ ಅರ್ಥವು ಹೇಗೆ ಮಾರ್ಪಟ್ಟಿತು ಎಂಬುದೇ ಇಲ್ಲಿನ ವಿಚಾರ.

ಸಂಸ್ಕೃತದಲ್ಲಿ ಯೂಕವೆಂದರೆ ಹೇನು, ಮತ್ಕುಣವೆಂದರೆ ತಿಗಣೆ. ಇವೆರಡರಿಂದ ಬೇರೆಯಾದ ನೆಗೆಯುವ ಹುಳುವಿಗೆ ಕನ್ನಡದಲ್ಲಿ ಚಿಗಟವೆಂಬ ಪ್ರತ್ಯೇಕ ನಾಮವಿದೆ. ಜನರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ನಿದ್ರೆಗೆ ಭಂಗ ತರುವ ಹುಳುವೆಂದು ಬಲ್ಲರೇ ಹೊರತು ಪ್ರಾಣಾಪಹಾರಿಯೆಂದು ಬಲ್ಲವರಾಗಿರಲಿಲ್ಲ.

1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು ಕೊನೆಗಾಣುತ್ತಿದ್ದ ಕಾಲವದು. ರೋಗಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಕಂಡಿದ್ದನು. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವ ದಾರಿಯು ನಿಶ್ಚಯವಾಗಿರಲಿಲ್ಲ. ಆದಕಾರಣ ಗಾಳಿಯನ್ನೂ ನೆಲವನ್ನೂ ಕೊಳೆಯನ್ನೂ ಶಂಕಿಸಿ ಗೋಡೆಗಳಿಗೆ ಕ್ರಿಮಿನಾಶಕ ದ್ರವಗಳನ್ನು ಎರಚುತ್ತಿದ್ದರು. ಹಳ್ಳಿಗರಾದರೋ ಇಲಿ ಸತ್ತು ಬಿದ್ದೊಡನೆ ಮನೆಯನ್ನು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ, ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಹೇಳಿದನು. ಆತನ ಮಾತು ಕೂಡಲೇ ಮನ್ನಣೆ ಪಡೆಯಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸಮಾಡಿದ ಪ್ಲೇಗು ಸಂಶೋಧನ ಮಂಡಲಿಯ ಪ್ರಯೋಗಗಳಿಂದ ಅದು ಸ್ಥಿರಪಟ್ಟಿತು. ಚಿಗಟವು ನೆಗೆಯಲಾರದಷ್ಟು ಎತ್ತರದಲ್ಲಿ ತೂಗಹಾಕಿದ ಪಂಜರದ ಪ್ರಾಣಿಗಳು ಉಳಿದುವು. ನೆಲಕ್ಕೆ ಸಮೀಪದಲ್ಲಿದ್ದುವು ರೋಗಕ್ಕೆ ಈಡಾದುವು.

ಇದರಿಂದ ಹಳ್ಳಿಗರ ನಡತೆಗೆ ಕಾರಣವೊಂದು ದೊರೆಯಿತು. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಅರಸುವುವು. ಆ ಹೊತ್ತಿಗೆ ಮನೆಯವರು ಅಲ್ಲಿಲ್ಲದಿದ್ದರೆ ಕಚ್ಚಲು ಅವಕ್ಕೆ ಮನುಷ್ಯರು ಸಿಕ್ಕರು. ಕಾರಣವನ್ನು ಅರಿಯದೆಯೂ ಜನರು ಕಂಡುಕೊಂಡಿದ್ದ ಉಪಾಯವು ಗೋಡೆಗೆರಚಿದ ದ್ರವಕ್ಕಿಂತ ಹೆಚ್ಚು ಯುಕ್ತವಾಗಿದ್ದಿತು.

ಮರಳಿ ಮನೆ ಹೊಗುವಾಗಲೂ ಎಚ್ಚರವು ಬೇಕು. ಚಿಗಟದ ಮೊಟ್ಟೆಗಳು ನೆಲಕ್ಕೆ ಉದುರಿ ಬಿರುಕುಗಳನ್ನು ಸೇರುವುವು. ಮರಿಹುಳುಗಳು ಧೂಳಿನಲ್ಲಿಯ ಕಸವನ್ನು ತಿಂದು ಬೆಳೆದು ಗೂಡು ಕಟ್ಟುವುವು. ಗೂಡಿನೊಳಗಿನ ಹುಳುವು ಬಹುದಿನ ಕಾದಿದ್ದು, ಹೆಜ್ಜೆಯ ಅದುರು ತಾಗಿದೊಡನೆ ಹೊರಬರಬಲ್ಲುದು. ಆದುದರಿಂದ ಮನೆ ಬರಿದಾಗಿದ್ದ ಮಾತ್ರಕ್ಕೆ ಶುದ್ಧವಾಯಿತೆನ್ನಲಾಗದು. ಮೂಲೆಮೂಲೆಯ ಕಸವನ್ನು ತೆಗೆದು ಸುಡುವುದು, ಬಿರುಕುಗಳನ್ನು ಮೆತ್ತುವುದು, ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು, ಕೀಟನಾಶಕವನ್ನು ನೆಲಕ್ಕೂ ಬಿಲದ ಬಾಯಿಗೂ ಹಾಕುವುದು, ಇವೆಲ್ಲವೂ ಒಟ್ಟಾಗಿ, ಕೆಲದಿನಗಳ ಬಳಿಕ ಮತ್ತೊಮ್ಮೆ, ನಡೆಯಬೇಕು.

ಇಲ್ಲಿ ಕ್ರಮವೇ ಮುಖ್ಯ. ಮೊದಲು ಇಲಿಯನ್ನು ಕೊಂದರೆ, ಆಶ್ರಯ ತಪ್ಪಿದ ಚಿಗಟಗಳು ಮನುಷ್ಯನ ಮೇಲೆ ಎರಗುವುವು. ಆದುದರಿಂದ ಪ್ಲೇಗಿನ ಕಾಲದಲ್ಲಿ ಮೊದಲು ಚಿಗಟ, ಅನಂತರ ಇಲಿ. 1939ರಲ್ಲಿ ಪಾಲ್ ಮುಲ್ಲರನು ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಮೇಲೆ ಈ ಕಾರ್ಯವು ಸುಲಭವಾಯಿತು. ಆದರೆ ಕಾಲಕ್ರಮದಲ್ಲಿ ಇಲಿಚಿಗಟಗಳು ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದುವು. ಒಂದೇ ಮದ್ದನ್ನು ನಂಬಿರಲಾಗದೆಂಬುದು ಆಗ ತಿಳಿದುಬಂದಿತು.

ಕರ್ನಾಟಕ, ಆಂಧ್ರ, ತಮಿಳುನಾಡುಗಳು ಕೂಡುವ ಈ ಗಡಿಸೀಮೆಯಲ್ಲಿ 1966ರ ಬಳಿಕವೂ ಇಲಿ ಚಿಗಟಗಳ ಪರೀಕ್ಷೆಯನ್ನು ನಡೆಸಿಕೊಂಡು ಬಂದುದು ಈ ಕಾರಣದಿಂದಲೇ. ಹೊಲದ ಬಿಲಗಳ ಇಲಿಗಳಲ್ಲಿ ರೋಗಾಣುವು ಮನುಷ್ಯರ ಕಣ್ಣಿಗೆ ಬೀಳದೆ ಉಳಿಯಬಲ್ಲುದು. ಮನುಷ್ಯರಲ್ಲಿ ರೋಗ ಕಾಣದಿರುವುದು ಬೇರೆ, ರೋಗದ ಮೂಲವು ಅಳಿದಿರುವುದು ಬೇರೆ. ಈ ಭೇದವನ್ನು ಮರೆತ ಗೃಹಶುದ್ಧಿಯು ಅರ್ಧಶುದ್ಧಿಯೇ ಸರಿ.